ಸೊಪ್ಪಿಗಿಂತ ಮೊದಲು ತೊಳೆಯುವ ನೀರು ನೋಡಬೇಕು

ಬೆಂಗಳೂರಿನಲ್ಲಿ ನನ್ನದೊಂದು ಚಿಕ್ಕ ಘಟಕವಿದೆ. ಹೆಚ್ಚಿದ ತರಕಾರಿ, ಸಲಾಡ್, ಬಿಡಿಸಿ ತೊಳೆದ ಕೊತ್ತಂಬರಿ ಸೊಪ್ಪು ಪ್ಯಾಕ್ ಮಾಡಿ ಅಂಗಡಿಗಳಿಗೆ ಕೊಡುತ್ತೇವೆ. ಪ್ಯಾಕೆಟ್ ತೆಗೆದವರು ಅದನ್ನು ಬೇಯಿಸುವುದಿಲ್ಲ, ಹಾಗೇ ತಿನ್ನುತ್ತಾರೆ. ಅದಕ್ಕೇ ನನಗೆ ಈ ಕೆಲಸದಲ್ಲಿ ಜಾಸ್ತಿ ಭಯ, ಜಾಸ್ತಿ ಕಾಳಜಿ.

ಕ್ಲೋರಿನ್ ನೀರಲ್ಲಿ ಅದ್ದಿದರೆ ಎಲ್ಲ ಕ್ರಿಮಿ ಸಾಯುತ್ತವೆ ಎಂದು ತುಂಬಾ ಜನ ನಂಬಿದ್ದಾರೆ. ಹಾಗಾಗುವುದಿಲ್ಲ. ಸಾಮಾನ್ಯವಾಗಿ ನೂರಕ್ಕೆ 90ರಿಂದ 99ರಷ್ಟು ಕಡಿಮೆಯಾಗಬಹುದು, ಅಷ್ಟೇ. ಎಲೆಯ ಮಡಿಕೆಯಲ್ಲಿ, ಕತ್ತರಿಸಿದ ಅಂಚಿನಲ್ಲಿ ಸೇರಿಕೊಂಡವು ಉಳಿಯುತ್ತವೆ. ಕ್ಲೋರಿನ್‌ನ ದೊಡ್ಡ ಉಪಯೋಗ ಬೇರೆ. ಒಂದು ಕೆಟ್ಟ ಕಟ್ಟಿನ ಕ್ರಿಮಿ ನೀರಿನ ಮೂಲಕ ಟಬ್ಬಿನ ಸೊಪ್ಪಿಗೆಲ್ಲ ಹರಡದಂತೆ ಅದು ತಡೆಯುತ್ತದೆ.

ನಾನು ಮಾಡುವುದು ಹೀಗೆ. ಮೊದಲು ಬೇರು ಕತ್ತರಿಸಿ, ಹರಿಯುವ ಸಾದಾ ನೀರಲ್ಲಿ ಮಣ್ಣು ಪೂರ್ತಿ ಬಿಡಿಸುತ್ತೇನೆ. ಮಣ್ಣು ಟಬ್ಬಿಗಿಳಿದರೆ ಕ್ಲೋರಿನ್ ಅದಕ್ಕೇ ಖರ್ಚಾಗಿಹೋಗುತ್ತದೆ. ಆಮೇಲೆ 100 ಲೀಟರ್ ನೀರಿಗೆ ಆಹಾರಕ್ಕೆ ಬಳಸುವ ದರ್ಜೆಯ 4% ಸೋಡಿಯಂ ಹೈಪೋಕ್ಲೋರೈಟ್ (ಕ್ಲೋರಿನ್ ದ್ರಾವಣ) 250 ಮಿ.ಲೀ. ಬೆರೆಸಿದರೆ 100 ಪಿಪಿಎಂ, ಅಂದರೆ ಲೀಟರಿಗೆ 100 ಮಿಲಿಗ್ರಾಂ ಕ್ಲೋರಿನ್ ಬರುತ್ತದೆ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6.5ರಿಂದ 7.5ರ ಒಳಗಿರಬೇಕು. ಅದಕ್ಕಿಂತ ಏರಿದರೆ ಕ್ಲೋರಿನ್‌ನ ಬಲ ಕುಗ್ಗುತ್ತದೆ. ಆಗ ಟಬ್ಬಿನ ನೀರಿಗೆ ಚೂರು ಸಿಟ್ರಿಕ್ ಆಮ್ಲ ಹಾಕುತ್ತೇನೆ. ಕ್ಯಾನಿನಲ್ಲಿರುವ ಗಟ್ಟಿ ದ್ರಾವಣಕ್ಕೆ ಮಾತ್ರ ಆಮ್ಲ ಎಂದೂ ಹಾಕಬೇಡಿ, ವಿಷಗಾಳಿ ಏಳುತ್ತದೆ.

ಪ್ರತಿ ಬ್ಯಾಚ್ ಆದ ಮೇಲೆ ಕ್ಲೋರಿನ್ ಅಳೆಯುವ ಟೆಸ್ಟ್ ಪಟ್ಟಿ ಅದ್ದಿ ಬಣ್ಣ ನೋಡುತ್ತೇವೆ. ಬಣ್ಣ ಪೇಲವವಾದರೆ ಕ್ಲೋರಿನ್ ಸೇರಿಸುತ್ತೇವೆ. ನೀರು ಕದಡಿದರೆ ಪೂರ್ತಿ ಚೆಲ್ಲುತ್ತೇವೆ, ಉಳಿಸುವ ಮಾತೇ ಇಲ್ಲ. ಒಂದೆರಡು ನಿಮಿಷ ಅದ್ದಿ, ಕುಡಿಯುವ ನೀರಲ್ಲಿ ಜಾಲಿಸಿ, ತಿರುಗುವ ಬುಟ್ಟಿಯಲ್ಲಿ ನೀರು ಹಿಂಡುತ್ತೇವೆ. ಒದ್ದೆ ಉಳಿದ ಸೊಪ್ಪು ಬೇಗ ಕೊಳೆಯುತ್ತದೆ.

ಟೊಮೆಟೊ ವಿಷಯದಲ್ಲಿ ಇನ್ನೂ ಹುಷಾರು ಬೇಕು. ಬಿಸಿಲಲ್ಲಿ ಬಂದ ಹಣ್ಣನ್ನು ತಣ್ಣೀರಿಗೆ ಹಾಕಿದರೆ ಒಳಗಿನ ಗಾಳಿ ಕುಗ್ಗಿ, ತೊಟ್ಟಿನ ಗಾಯದಿಂದ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ, ಜೊತೆಗೆ ಕ್ರಿಮಿಯನ್ನೂ. ಅದಕ್ಕೆ ಹಣ್ಣಿಗಿಂತ ಸ್ವಲ್ಪ ಬೆಚ್ಚಗಿನ ನೀರನ್ನೇ ಬಳಸುತ್ತೇನೆ.

ಹಸಿ ಮೊಳಕೆ ಕಾಳು ಮಾತ್ರ ನಾನು ಮಾರುವುದಿಲ್ಲ. ಎಷ್ಟು ಕೇಳಿದರೂ ಇಲ್ಲ. ಕ್ರಿಮಿ ಕಾಳಿನ ಬಿರುಕಲ್ಲೇ ಇರಬಹುದು, ಮೊಳಕೆ ಬರಿಸುವ ಬೆಚ್ಚಗಿನ ತೇವ ಅದಕ್ಕೂ ಹಬ್ಬ. 2011ರಲ್ಲಿ ಜರ್ಮನಿಯಲ್ಲಿ ಹರಡಿದ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. ತನಿಖೆ ಹೋಗಿ ನಿಂತಿದ್ದು ಮೆಂತ್ಯದ ಮೊಳಕೆಯಲ್ಲಿ. ಕೇಳಿದವರಿಗೆ ಹಬೆಯಲ್ಲಿ ಚೆನ್ನಾಗಿ ಬೇಯಿಸಿ ತಿನ್ನಿ ಅಂತೀನಿ.

ಪ್ಯಾಕ್ ಆದ ಮೇಲೆ 5 ಡಿಗ್ರಿ ದಾಟಬಾರದು. ಲಿಸ್ಟೀರಿಯಾ ಎಂಬ ರೋಗ ತರುವ ಬ್ಯಾಕ್ಟೀರಿಯಾ ಆ ತಣ್ಣನೆಯಲ್ಲೂ ನಿಧಾನವಾಗಿ ಬೆಳೆಯುತ್ತದೆ, ಹಾಗಾಗಿ ಮಾರುವ ಅವಧಿ ಚಿಕ್ಕದಾಗಿಯೇ ಇಡುತ್ತೇನೆ. ಒಂದು ಅಂಗಡಿಯವರು ಕರೆಂಟ್ ಬಿಲ್ ಉಳಿಸಲು ರಾತ್ರಿ ಫ್ರಿಜ್ ಆಫ್ ಮಾಡುತ್ತಿದ್ದರು. ಹೇಳಿ ನೋಡಿದೆ, ಕೇಳಲಿಲ್ಲ. ಅವರಿಗೆ ಮಾಲು ಕೊಡುವುದನ್ನೇ ನಿಲ್ಲಿಸಿದೆ. ಈಗ ಹೊಸ ಅಂಗಡಿಗೆ ಒಪ್ಪುವ ಮೊದಲು ಅವರ ಫ್ರಿಜ್ಜಲ್ಲಿ ಒಂದು ರಾತ್ರಿ ನನ್ನ ಥರ್ಮಾಮೀಟರ್ ಇಟ್ಟು ಬರುತ್ತೇನೆ.