ಮಳೆಗಾಲಕ್ಕೆ ಜೆರೇನಿಯಂ ಜಗಲಿಗೆ ಬರಲಿ

ಚಳಿ ದೇಶಗಳಲ್ಲಿ ಹಿಮ ಬೀಳುವ ಮೊದಲು ಜೆರೇನಿಯಂ ಕುಂಡಗಳನ್ನು ಮನೆಯೊಳಗೆ ತರುತ್ತಾರೆ. ಕೆಲವರು ಗಿಡ ಕಿತ್ತು, ಬೇರಿನ ಮಣ್ಣು ಕೊಡವಿ, ಕಾಗದದ ಚೀಲದಲ್ಲಿ ಹಾಕಿ ತಣ್ಣನೆಯ ನೆಲಮಾಳಿಗೆಯಲ್ಲಿ ಇಡುವುದೂ ಉಂಟು. ವಿಡಿಯೋ ನೋಡಿ ಕಾಸರಗೋಡಿನಲ್ಲಿ ಹಾಗೆ ಮಾಡಿದರೆ ಗಿಡ ಕೊಳೆತೇ ಹೋಗುತ್ತದೆ. ನಮಗೆ ಹಿಮದ ಭಯವಿಲ್ಲ, ಮಳೆಯದ್ದೇ ಕಾಟ. ದಕ್ಷಿಣ ಆಫ್ರಿಕ ಮೂಲದ ಈ ಗಿಡ ಒಣ ಹವೆಯನ್ನು ತಡೆದೀತು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಥಂಡಿಯನ್ನು ತಡೆಯದು.

ಹಾಗಾಗಿ ಪತ್ತನಾಜೆ ಹೊತ್ತಿಗೆ, ಅಂದರೆ ಮೇ 24ರ ಸುಮಾರಿಗೆ ಕುಂಡ ಒಳಗೆ ಬರಲಿ. ಅದಕ್ಕೂ ಮುಂಚೆ ಗಿಡವನ್ನು ಮೂರನೇ ಒಂದು ಭಾಗದಷ್ಟು ಸವರಿ. ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ, ಚೂರಿ ಚೊಕ್ಕ ಇರಲಿ. ಬಾಡಿದ ಹೂ, ಹಳದಿ ಎಲೆ ಒಂದನ್ನೂ ಬಿಡಬೇಡಿ. ಬೂಷ್ಟು ಸುರುವಾಗುವುದೇ ಅಲ್ಲಿಂದ.

ಬರೀ ಕೆಂಪು ಮಣ್ಣು ತುಂಬಿದ್ದರೆ ಬದಲಿಸಿ. ಎರಡು ಪಾಲು ಸುಡುಮಣ್ಣು, ಒಂದು ಪಾಲು ಹೊಯ್ಗೆ, ಒಂದು ಹಿಡಿ ಹಳೇ ಸೆಗಣಿ ಗೊಬ್ಬರ ಸಾಕು. ಹೊಯ್ಗೆ ಹೊಳೆಯದ್ದಾಗಲಿ. ಕಡಲದ್ದರಲ್ಲಿ ಉಪ್ಪಿರುತ್ತದೆ ಅಲ್ವಾ? ಕುಂಡದಡಿಯ ತಟ್ಟೆ ತೆಗೆದುಬಿಡಿ.

ಜಾಗದ ಆಯ್ಕೆಯೇ ಮುಖ್ಯ. ಮಾಡಿನ ಹನಿ, ಮಳೆಯ ಎರಚಲು ತಾಗಬಾರದು. ಆದರೆ ಬೆಳಕು ಬೇಕು, ಗಾಳಿ ಆಡಬೇಕು. ಕತ್ತಲೆ ಚಾವಡಿ ಬೇಡ. ಅಡಿಕೆಗೆ ಕೊಳೆರೋಗ ತರುವ ಹವೆಯೇ ಇದರ ಬುಡವನ್ನೂ ಕೊಳೆಸುತ್ತದೆ. ಎರಡೂ ರೋಗಾಣುಗಳು ಒಂದೇ ಬಳಗದವು. ಬುಡ ಕಪ್ಪಾಗಿ ಮೆತ್ತಗಾದರೆ ಆ ಗಿಡದ ಆಸೆ ಬಿಡಿ. ಮಣ್ಣು ಸಮೇತ ಎಸೆಯಿರಿ, ಗೊಬ್ಬರದ ಗುಂಡಿಗೆ ಹಾಕಬೇಡಿ.

ನೀರು ಕೊಡುವ ಮೊದಲು ಬೆರಳನ್ನು ಒಂದು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ಮಾತ್ರ ಬುಡಕ್ಕೆ ಹಾಕಿ, ಎಲೆಗೆ ಸೋಕಿಸಬೇಡಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ವಾರವಿಡೀ ನೀರು ಬೇಡದೆಯೂ ಇರಬಹುದು. ಸುಮ್ನೆ ಪ್ರೀತಿಗೆಂದು ಹಾಕುವ ನೀರೇ ಜಾಸ್ತಿ ಗಿಡಗಳನ್ನು ಕೊಲ್ಲುವುದು. ಗೊಬ್ಬರವೂ ಬೇಡ.

ಸವರಿದ ಕಡ್ಡಿಗಳನ್ನು ಎಸೆಯಬೇಡಿ. 10 ಸೆಂಟಿಮೀಟರ್ ಉದ್ದದ ತುಂಡು ಮಾಡಿ, ಕೆಳಗಿನ ಎಲೆ ತೆಗೆದು, ಒಂದು ದಿನ ನೆರಳಲ್ಲಿ ಒಣಗಿಸಿ, ತುಸು ಒದ್ದೆ ಹೊಯ್ಗೆಯಲ್ಲಿ ಊರಿ. ಪ್ಲಾಸ್ಟಿಕ್ ಮುಚ್ಚಬೇಡಿ. ಮೂರು ನಾಲ್ಕು ವಾರದಲ್ಲಿ ಬೇರು ಬರುತ್ತದೆ. ತಾಯಿ ಗಿಡ ಹೋದರೂ ತಳಿ ಉಳಿಯುತ್ತದೆ.

ನವರಾತ್ರಿ ಹೊತ್ತಿಗೆ ಬೆಳಗಿನ ಎಳೆಬಿಸಿಲಿಗೆ ಒಂದೆರಡು ಗಂಟೆ ಇಡಿ, ದಿನದಿಂದ ದಿನಕ್ಕೆ ಹೊತ್ತು ಹೆಚ್ಚಿಸಿ. ಒಮ್ಮೆಲೇ ಅಂಗಳಕ್ಕಿಟ್ಟರೆ ಎಲೆ ಸುಡುತ್ತದೆ. ಹಿಂಗಾರು ಮಳೆ ಹೆಚ್ಚಾಗಿ ಗುಡುಗಿನ ಜೊತೆ ಸಂಜೆಗೆ ಬರುವುದರಿಂದ ಮಧ್ಯಾಹ್ನದ ಊಟ ಆದ ಕೂಡಲೇ ಒಳಗಿಡುವುದು ಒಳ್ಳೆಯದು. ಆ ಮಳೆಯೂ ನಿಂತ ಮೇಲೆ ಕುಂಡ ಅಂಗಳದಲ್ಲೇ ಇರಲಿ, ಗೊಬ್ಬರವನ್ನೂ ಆಗಲೇ ಸುರು ಮಾಡಿ.