ಕಾದಂಬರಿಗೆ ಸಲಹೆ ಬೇಕಾ? ಮೊದಲು ಪ್ರಶ್ನೆ ಸಣ್ಣದು ಮಾಡ್ಕೊಳ್ಳಿ

ಗಂಗಾವತಿಯ ಒಂದು ರೈಸ್ ಮಿಲ್ಲಿನ ಸುತ್ತ ಕಾದಂಬರಿ ಶುರು ಮಾಡಿದಾಗ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದೆ, "ಕಾದಂಬರಿ ಬರೆಯೋದು ಹೆಂಗ್ರೀ?" ಅಂತ. ಒಬ್ಬರು "ಜಾಸ್ತಿ ಓದ್ರಿ" ಅಂದರು, ಇನ್ನೊಬ್ಬರು "ಅನುಭವ ಬೇಕ್ರಿ" ಅಂದರು. ಎರಡೂ ಸರಿ. ಆದರೆ ನನ್ನ ಕಥೆ ಒಂದು ಸಾಲೂ ಮುಂದೆ ಹೋಗಲಿಲ್ಲ.

ಹಾಗಾಗಿ ಮೊದಲು ಐವತ್ತು ಪುಟ ಬರೆಯಿರಿ, ಕೆಟ್ಟದಾಗಿದ್ದರೂ ಪರವಾಗಿಲ್ಲ. ಎಲ್ಲಿ ಸಿಕ್ಕಿಬಿದ್ದಿರೋ ಅದನ್ನೇ ಕೇಳಿ. "ಅಪ್ಪ ಸತ್ತ ಸುದ್ದಿ ಮಗನಿಗೆ ಯಾರು ಮುಟ್ಟಿಸಬೇಕು, ಓದುಗರಿಗೆ ಅದು ಮೊದಲೇ ಗೊತ್ತಿರಬೇಕಾ?" ಇಂಥದ್ದಕ್ಕೆ ಕಾದಂಬರಿ ಓದುವ ಯಾರಾದರೂ ಏನಾದರೂ ಹೇಳುತ್ತಾರೆ.

ಎಷ್ಟೋ ಸಲ ಯಾರನ್ನೂ ಕೇಳುವುದೇ ಬೇಡ, ಪುಸ್ತಕದಲ್ಲೇ ಇರುತ್ತದೆ. ನನ್ನ ಕಥೆ ಎರಡು ಊರುಗಳಲ್ಲಿ ನಡೆಯುತ್ತಿತ್ತು, ಹೊಂದಿಸೋಕೆ ಬರುತ್ತಿರಲಿಲ್ಲ. ಸಂಡೂರಿನ ವಸುಧೇಂದ್ರ ಅವರ 'ತೇಜೋ ತುಂಗಭದ್ರಾ' (2019) ಲಿಸ್ಬನ್ನಿನಲ್ಲೂ ನಡೆಯುತ್ತದೆ, ವಿಜಯನಗರದಲ್ಲೂ ನಡೆಯುತ್ತದೆ. ಅದನ್ನು ಎರಡನೇ ಸಲ ನೋಟ್‌ಬುಕ್ ಹಿಡಿದು ಓದಿದೆ: ಎಷ್ಟು ಪುಟಕ್ಕೆ ಊರು ಬದಲಾಗುತ್ತದೆ, ಬದಲಾಗುವ ಮುಂಚೆ ಯಾರನ್ನು ಎಂಥ ಸ್ಥಿತಿಯಲ್ಲಿ ಬಿಟ್ಟು ಹೋಗಿದ್ದಾರೆ, ವಾಪಸ್ ಬಂದಾಗ ಎಲ್ಲಿಂದ ಎತ್ತಿಕೊಂಡಿದ್ದಾರೆ. ಮೊದಲ ಓದಿನಲ್ಲಿ ಇದ್ಯಾವುದೂ ಕಂಡಿರಲಿಲ್ಲ.

ಇಂಗ್ಲಿಷ್ ಪುಸ್ತಕಗಳ ಸಲಹೆ ಜರಡಿ ಹಿಡಿದು ತಗೊಳ್ಳಿ. ಮೊದಲ ಕರಡು ಮುಗಿದ ಮೇಲೆ ಕನಿಷ್ಠ 6 ವಾರ ಮುಟ್ಟಬೇಡಿ, ಎರಡನೇ ಕರಡಿನಲ್ಲಿ ಶೇಕಡಾ 10 ಕಡಿಮೆ ಮಾಡಿ ಅಂತಾರೆ ಸ್ಟೀಫನ್ ಕಿಂಗ್. ಇದು ಯಾವ ಭಾಷೆಗೂ ಆಗುತ್ತದೆ. ಆದರೆ ಕ್ರಿಯಾವಿಶೇಷಣ ಕಿತ್ತುಹಾಕಿ ಅಂತಲೂ ಅಂತಾರೆ. ಕನ್ನಡದಲ್ಲಿ ಗಕ್ಕನೆ ನಿಂತ, ದಬಕ್ಕನೆ ಬಿದ್ದ, ಪಿಳಿಪಿಳಿ ನೋಡಿದ ಅನ್ನೋದನ್ನೆಲ್ಲ ಕಿತ್ತರೆ ಉಳಿಯೋದೇನು? ನಾನು ಕಿತ್ತು ನೋಡಿದ್ದೇನೆ, ಮನುಷ್ಯರು ಕಟ್ಟಿಗೆಯಂತಾದರು.

ಇನ್ನು ನಮ್ಮ ಕಡೆಯ ಮಾತು ಬೆಂಗಳೂರಿನವರಿಗೆ ಅರ್ಥ ಆಗಲ್ಲ ಅಂತ ಯಾರಾದರೂ ಹೆದರಿಸಿದರೆ ಕೇಳಬೇಡಿ. ಕೊಟ್ಟೂರಿನ ಕುಂ. ವೀರಭದ್ರಪ್ಪ ಅವರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 'ಅರಮನೆ'ಗೆ. ನಾಲ್ಕು ಪುಟ ಓದಿ ನೋಡಿ, ಆಮೇಲೆ ಹೆದರಿ.

ಓದಿಸೋಕೆ ಸಾಹಿತಿಗಳೇ ಆಗಬೇಕಿಲ್ಲ. ಮಿಲ್ಲಿನ ಅಧ್ಯಾಯವನ್ನು ಒಬ್ಬ ಹಮಾಲರಿಗೆ ಓದಿ ಹೇಳಿದೆ. ಭತ್ತದ ಚೀಲ 50 ಕೆಜಿ ಅಂತ ಬರೆದಿದ್ದೆ. "ನಮ್ ಕಡೆ ಭತ್ತ 75 ಕೆಜಿ ಚೀಲದ ಲೆಕ್ಕ ಅಲ್ಲೇನ್ರೀ ಸರ, ಐವತ್ತು ಹೊತ್ತವ ಯಾಕ ಇಷ್ಟು ತೇಕತಾನ?" ಅಂದರು. ಯಾವ ವಿಮರ್ಶಕರೂ ಇದನ್ನು ಹಿಡಿಯುತ್ತಿರಲಿಲ್ಲ, ಅಲ್ವಾ?

ಉಳಿದವರನ್ನು "ಹೇಗಿದೆ?" ಅಂತ ಕೇಳಬೇಡಿ. ಮುಖ ನೋಡಿ "ಚಲೋ ಐತಿ" ಅಂತಾರೆ. ಯಾವ ಪುಟದಲ್ಲಿ ಕೆಳಗಿಟ್ಟು ಚಹಾಕ್ಕೆ ಎದ್ದಿರಿ ಅಂತ ಕೇಳಿ. ಇಬ್ಬರು ಒಂದೇ ಕಡೆ ಎದ್ದಿದ್ದರೆ ಅಲ್ಲೇನೋ ಕೆಟ್ಟಿದೆ. ಅವರು ಹೇಳುವ ಮದ್ದು ಮಾತ್ರ ಕುಡಿಯಬೇಡಿ, "ಒಂದು ಲವ್ ಸ್ಟೋರಿ ಸೇರಿಸ್ರಿ" ಅಂತ ಶುರು ಮಾಡ್ತಾರೆ.

ಹೆಸರಾದ ಲೇಖಕರಿಗೆ ಮುನ್ನೂರು ಪುಟದ ಪಿಡಿಎಫ್ ಕಳಿಸಿ "ಅಭಿಪ್ರಾಯ ತಿಳಿಸಿ" ಅನ್ನಬೇಡಿ. ನಾನು ಒಬ್ಬರಿಗೆ ಕಳಿಸಿದ್ದೆ, ಇವತ್ತಿಗೂ ಬರೀ ನೀಲಿ ಟಿಕ್. ಆಮೇಲೆ ಇನ್ನೊಬ್ಬರಿಗೆ ಎಂಟು ಪುಟ ಕಳಿಸಿದೆ, ಜೊತೆಗೆ ಒಂದೇ ಪ್ರಶ್ನೆ: ಕಥೆ ಎಲ್ಲಿ ಶುರುವಾಯಿತು ಅನ್ನಿಸಿತು? ಹತ್ತು ದಿನಕ್ಕೆ ಉತ್ತರ ಬಂತು. ನಾಲ್ಕನೇ ಪುಟದಲ್ಲಿ ಅಂತ. ಅದಕ್ಕೂ ಮುಂಚಿನ ಮೂರು ಪುಟ ನಾನು ತಿಂಗಳುಗಟ್ಟಲೆ ತಿದ್ದಿದ್ದ ಕಾಲುವೆಯ ವರ್ಣನೆ. ಎರಡು ದಿನ ಸಿಟ್ಟಿನಲ್ಲಿದ್ದೆ, ಮೂರನೇ ದಿನ ಅಳಿಸಿದೆ.