ಆಯ್ಕೆ ಮುಚ್ಚಿ ಓದಿದೆ, ಗೇಟ್ ದಾಟಿದೆ

ಕೋಚಿಂಗ್ ಬಿಟ್ಟು ಬರೀ ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಗೇಟ್ ಸಿಎಸ್ (ಎಂ.ಟೆಕ್ ಸೇರಲು ಬರೆಯುವ ಕಂಪ್ಯೂಟರ್ ಸೈನ್ಸ್ ಪರೀಕ್ಷೆ) ಬರೆಯುತ್ತೇನೆ ಅಂದಾಗ ಆಫೀಸಿನಲ್ಲಿ ಒಬ್ಬರೂ ನಂಬಲಿಲ್ಲ. ಈಗ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಎಂ.ಟೆಕ್ ಸೀಟು ಸಿಕ್ಕಿದೆ. ರ‍್ಯಾಂಕ್ ನಾನೂರರ ಆಸುಪಾಸು. ಕೆಲಸ ಬಿಡದೆ ತಂದ ರ‍್ಯಾಂಕ್, ಅದಕ್ಕೇ ಹೆಮ್ಮೆ ಜಾಸ್ತಿ.

ಮೊದಲು ಎಲ್ಲರೂ ಹೋಗುವ ದಾರಿಯಲ್ಲೇ ಹೋಗಿದ್ದೆ. ಆನ್‌ಲೈನ್ ಕೋಚಿಂಗ್‌ಗೆ ನಲವತ್ತು ಸಾವಿರದ ಮೇಲೆ ಸುರಿದೆ. ಸಂಜೆಯೆಲ್ಲಾ ವಿಡಿಯೋ ನೋಡೋದೇ ಆಯಿತು, ಪೆನ್ನು ಹಿಡಿಯಲು ಹೊತ್ತೇ ಇಲ್ಲ. ಕಂಪೈಲರ್ ಪಾಠ ಬಂದಿದ್ದು ಜನವರಿಯಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ! ದುಡ್ಡು ವಾಪಸ್ ಕೇಳಿದರೆ ಉತ್ತರವೇ ಇಲ್ಲ. ರ‍್ಯಾಂಕ್ ಆರು ಸಾವಿರ ದಾಟಿತು. ಮುಂದಿನ ವರ್ಷ ಟೆಸ್ಟ್ ಸೀರೀಸ್ ನಂಬಿದೆ. ಅದಕ್ಕೆ ನಾಲ್ಕು ಸಾವಿರದಷ್ಟು ಹೋಯಿತು. ಅಲ್ಲಿನ ಪ್ರಶ್ನೆಗಳಲ್ಲಿ ಸುಮ್ನೆ ಉದ್ದುದ್ದ ಲೆಕ್ಕ. ಗೇಟ್ ಕೇಳೋದು ಹಾಗಲ್ಲ. ಎರಡು ಸಾಲಿನ ಪ್ರಶ್ನೆಯಲ್ಲಿ ಬುಡವನ್ನೇ ಅಲ್ಲಾಡಿಸುತ್ತಾರೆ.

ಆಮೇಲೆ ನನ್ನದೇ ದಾರಿ. 2021ರಿಂದ ಎಂಎಸ್‌ಕ್ಯೂ, ಅಂದರೆ ಒಂದಕ್ಕಿಂತ ಹೆಚ್ಚು ಆಯ್ಕೆ ಸರಿ ಇರಬಹುದಾದ ಪ್ರಶ್ನೆ, ಬಂದಿದೆ ಅಲ್ವಾ? ಸರಿ ಇರುವ ಒಂದು ಆಯ್ಕೆ ಬಿಟ್ಟರೂ ಸೊನ್ನೆ. ಎನ್‌ಎಟಿ ಅಂದರೆ ಉತ್ತರವಾಗಿ ಸಂಖ್ಯೆ ತುಂಬುವ ಪ್ರಶ್ನೆ, ಅದರಲ್ಲಿ ಆಯ್ಕೆಯೇ ಇರೋದಿಲ್ಲ. ಹಾಗಿದ್ದ ಮೇಲೆ ಹಳೇ ಎಂಸಿಕ್ಯೂಗಳನ್ನು (ನಾಲ್ಕರಲ್ಲಿ ಒಂದೇ ಆಯ್ಕೆ ಸರಿ ಇರುವ ಪ್ರಶ್ನೆ) ಎಂಸಿಕ್ಯೂ ಥರ ಯಾಕೆ ಬಿಡಿಸಬೇಕು? ಹಳೇ ಪತ್ರಿಕೆಗಳನ್ನು ಪ್ರಿಂಟ್ ಮಾಡಿಸಿದೆ, ಆರುನೂರು ರೂಪಾಯಿ ಆಗಿರಬಹುದು. ಆಯ್ಕೆಗಳ ಮೇಲೆ ರಟ್ಟು ಇಟ್ಟು ಮೊದಲು ಉತ್ತರ ಬರೆಯೋದು. ನಂತರ ರಟ್ಟು ತೆಗೆದು ನಾಲ್ಕೂ ಆಯ್ಕೆ ಯಾಕೆ ಸರಿ, ಯಾಕೆ ತಪ್ಪು ಅಂತ ಒಂದೊಂದು ಸಾಲು ಬರೆಯೋದು. ತಪ್ಪು ಆಯ್ಕೆಗೆ ಉದಾಹರಣೆ ಕೊಡಲೇಬೇಕು. ಗಂಟೆಗೆ ಐದಾರು ಪ್ರಶ್ನೆ ಮುಗಿದರೆ ಹೆಚ್ಚು. 'ಈ ವೇಗದಲ್ಲಿ ಸಿಲಬಸ್ ಯಾವಾಗ ಮುಗಿಸ್ತೀಯಾ' ಅಂತ ಗೆಳೆಯರು ಕೇಳುತ್ತಿದ್ದರು. ಆದರೆ ಒಂದು ಪ್ರಶ್ನೆಯಿಂದ ನಾಲ್ಕು ಪ್ರಶ್ನೆಯ ಕೆಲಸ ಆಗುತ್ತಿತ್ತು. ನಾರ್ಮಲ್ ಫಾರ್ಮ್, ರೆಗ್ಯುಲರ್ ಲ್ಯಾಂಗ್ವೇಜ್, ಸೆಮಫೋರ್, ಸಿಲಬಸ್ಸಿನ ಈ ಮೂರು ವಿಷಯಕ್ಕೆ ಇದರಷ್ಟು ಒಳ್ಳೆಯ ಮದ್ದು ನಾನು ಕಂಡಿಲ್ಲ. ಪೂರ್ತಿ ಗೊತ್ತಿಲ್ಲದ ವಿಷಯಕ್ಕೆ ಮಾತ್ರ ಎನ್‌ಪಿಟಿಇಎಲ್‌ನ ಆನ್‌ಲೈನ್ ಪಾಠ ನೋಡಿದೆ, ಅದು ಪುಕ್ಕಟೆ.

ನಡುವೆ ದಾರಿ ತಪ್ಪಿ ಸಿ ಭಾಷೆಯಲ್ಲಿ ಪೇಜ್ ರಿಪ್ಲೇಸ್‌ಮೆಂಟ್ (ಮೆಮೊರಿ ತುಂಬಿದಾಗ ಯಾವ ಪುಟ ಹೊರಹಾಕಬೇಕು ಅನ್ನೋದು) ಪ್ರೋಗ್ರಾಂ ಬರೆಯುತ್ತಾ ಕೂತೆ. 1,2,3,4,1,2,5,1,2,3,4,5 ಅಂತ ಪುಟಗಳ ಸರಣಿ ಕೊಟ್ಟರೆ, ಮೊದಲು ಬಂದದ್ದನ್ನೇ ಮೊದಲು ಹೊರಹಾಕುವ ಫೀಫೋದಲ್ಲಿ 3 ಫ್ರೇಮಿಗೆ (ಪುಟ ಇಡುವ ಜಾಗ) 9 ಫಾಲ್ಟ್ (ಬೇಕಾದ ಪುಟ ಮೆಮೊರಿಯಲ್ಲಿ ಇಲ್ಲದಿರುವುದು), 4 ಫ್ರೇಮಿಗೆ 10! ಜಾಗ ಹೆಚ್ಚಾದರೂ ಫಾಲ್ಟ್ ಹೆಚ್ಚುವ, ಬೆಲಾಡಿ ಹೆಸರಿನ ಈ ವಿಚಿತ್ರ ಕಂಪ್ಯೂಟರ್ ಸೈನ್ಸಿನವರೆಲ್ಲಾ ಓದಿರುವುದೇ. ಆದರೂ ನನ್ನದೇ ಪರದೆಯ ಮೇಲೆ ಅದು ಬಂದಾಗ ಆದ ಖುಷಿಯೇ ಬೇರೆ. ಬಹಳ ಹೊತ್ತಿನಿಂದ ಬಳಸದ ಪುಟವನ್ನು ಹೊರಹಾಕುವ ಎಲ್‌ಆರ್‌ಯುನಲ್ಲಿ ಅದು ಯಾಕೆ ಆಗೋದಿಲ್ಲ ಅನ್ನೋದು ಆ ರಾತ್ರಿಯೇ ತಲೆಗೆ ಹೋಯಿತು. ನೆಟ್‌ವರ್ಕ್ ಪಾಠದ ಟಿಸಿಪಿಗೂ ಹೀಗೇ ಪ್ರೋಗ್ರಾಂ ಮಾಡಲು ಹೋದೆ. ಎರಡು ವಾರಾಂತ್ಯ ತಿಂದು ಹಾಕಿತು, ಅಂಕ ಮಾತ್ರ ಬರಲಿಲ್ಲ.

ಪತ್ರಿಕೆಯಲ್ಲಿ ಆಪ್ಟಿಟ್ಯೂಡ್‌ಗೆ 15, ಗಣಿತಕ್ಕೆ 13, ಒಟ್ಟು 28 ಅಂಕ. ಇದಕ್ಕೆ ಮನೆಯಿಂದ ಆಫೀಸಿನ ಬಸ್ ಪ್ರಯಾಣವೇ ಸಾಕಾಯಿತು. ಪರದೆಯ ಮೇಲಿನ ಕ್ಯಾಲ್ಕುಲೇಟರ್‌ನಲ್ಲಿ ಮೌಸ್ ಒತ್ತಿ ಲೆಕ್ಕ ಮಾಡುವುದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ. 3 ಗಂಟೆಯಲ್ಲಿ 65 ಪ್ರಶ್ನೆ, ಒಂದೊಂದು ಕ್ಲಿಕ್ಕಿಗೂ ಬೆಲೆ ಇದೆ. ಎಂಎಸ್‌ಕ್ಯೂ, ಎನ್‌ಎಟಿಗೆ ನೆಗೆಟಿವ್ ಇಲ್ಲ, ಒಂದನ್ನೂ ಖಾಲಿ ಬಿಡಬೇಡಿ. ಪೇಪರನ್ನು ನಾನು ಯಾವ ಕ್ರಮದಲ್ಲಿ ಬಿಡಿಸಿದೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ನನ್ನ ತಮ್ಮ ಮುಂದಿನ ಸಲ ಬರೆಯುತ್ತಿದ್ದಾನೆ.

ಇನ್ನು ದುಡ್ಡಿನ ಮಾತು. ಕೊನೆಯ ಸಲದ ಖರ್ಚು ಅರ್ಜಿ ಶುಲ್ಕವೂ ಸೇರಿ ಮೂರು ಸಾವಿರದ ಒಳಗೆ. ಎಂ.ಟೆಕ್‌ನಲ್ಲಿ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್. ಸಂಬಳದ ಮುಂದೆ ಕಡಿಮೆಯೇ, ಎರಡು ವರ್ಷಕ್ಕೆ ಕೈಯಲ್ಲಿ ಒಂದಿಷ್ಟು ಉಳಿತಾಯ ಇಟ್ಟುಕೊಂಡೇ ಹೊರಡಿ. ಗೇಟ್ ಸ್ಕೋರ್ 3 ವರ್ಷ ನಡೆಯುತ್ತದೆ. ಈ ವರ್ಷ ಸಿಸಿಎಂಟಿಯಲ್ಲಿ (ಎಂ.ಟೆಕ್ ಸೀಟು ಹಂಚುವ ಕೌನ್ಸೆಲಿಂಗ್) ಬೇಕಾದ ಸೀಟು ಸಿಗದಿದ್ದರೆ ಅದೇ ಸ್ಕೋರ್ ಹಿಡಿದು ಮುಂದಿನ ವರ್ಷವೂ ಅರ್ಜಿ ಹಾಕಬಹುದು.